ಖಾಲಿ ತೋಟಾಗಳ ಡಬ್ಬಿ: ಮನೆಯಲ್ಲೇ ಕಾಡತೂಸು ತುಂಬಬೇಕೆಂದ ಗೌಡರ ಪ್ರಕರಣ

ಈ ಪ್ರಕರಣದಲ್ಲಿ ಅಪರಾಧ ನಡೆದಿಲ್ಲ. ಎಫ್‌ಐಆರ್ ಇಲ್ಲ, ಪಂಚನಾಮೆ ಇಲ್ಲ, ಆರೋಪಿ ಅಂತ ಯಾರೂ ಇಲ್ಲ. ಅಮೆರಿಕದಿಂದ ಒಂದು ಪಾರ್ಸೆಲ್ ಹೊರಟಿದ್ದರೆ ಇವೆಲ್ಲ ಇರುತ್ತಿದ್ದವು.

ಕಲಬುರಗಿಯಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಬಂದೂಕು ಲೈಸೆನ್ಸಿನ ಕಡತಗಳು ಆಗಾಗ ಬರುತ್ತವೆ. ನವೀಕರಣ ತಡವಾಯಿತು, ಅಪ್ಪನ ಬಂದೂಕು ಮಗನ ಹೆಸರಿಗೆ ಬರಬೇಕು, ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ್ದು ವಾಪಸ್ ತರಬೇಕು, ಇಂಥವೇ ಜಾಸ್ತಿ. ಇದು ಆ ಜಾತಿಗೆ ಸೇರಿದ್ದಲ್ಲ. ಕಕ್ಷಿದಾರರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು, ಪೂರ್ತಿಯಾಗಿ ಬರೆಯುತ್ತಿದ್ದೇನೆ. ಯಾಕಂದ್ರೆ ಹೊಡೆದು ಖಾಲಿಯಾದ ತೋಟಾವನ್ನು, ಅಂದರೆ ಕಾಡತೂಸನ್ನು, ಮನೆಯಲ್ಲೇ ಮತ್ತೆ ತುಂಬಬಹುದಾ ಅನ್ನೋ ಇದೇ ಪ್ರಶ್ನೆ ಈಗ ಹುಡುಗರಿಂದಲೂ ಬರುತ್ತಿದೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡುತ್ತಾರೆ, ಮೇಜಿನ ಮೇಲೆ ಸಾಲಾಗಿ ನಿಂತ ಹೊಳೆಯುವ ಹಿತ್ತಾಳೆ ನೋಡುತ್ತಾರೆ, ನಾವೂ ಮಾಡಬಹುದಲ್ವಾ ಅನ್ನುತ್ತಾರೆ.

ಯಾರು, ಯಾವ ಬಂದೂಕು

ಅವರನ್ನು ಗೌಡರು ಅಂತಲೇ ಕರೆಯೋಣ. ಊರಲ್ಲೂ ಹಾಗೇ ಕರೆಯುತ್ತಾರೆ. ಚಿತ್ತಾಪುರ ತಾಲ್ಲೂಕಿನ ಕಡೆಯವರು, ವಯಸ್ಸು ಅರವತ್ತು ದಾಟಿದೆ. ತೊಗರಿ ಹೊಲ ಊರಲ್ಲಿ, ಮನೆ ಕಲಬುರಗಿಯಲ್ಲಿ. ಒಬ್ಬಳೇ ಮಗಳು, ಟೆಕ್ಸಸ್‌ನಲ್ಲಿದ್ದಾಳೆ. ಅಳಿಯ ಸಾಫ್ಟ್‌ವೇರ್.

ಬಂದೂಕು ಅವರ ತಂದೆಯದು. ಇಷಾಪುರ ಕಾರ್ಖಾನೆಯ .315 ರೈಫಲ್. ಬ್ರಿಟಿಷ್ ಸೈನ್ಯದ ಹಳೇ ಲೀ-ಎನ್‌ಫೀಲ್ಡ್ ರೈಫಲ್ ಮಾದರಿಯ ಬೋಲ್ಟು (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಕಬ್ಬಿಣದ ಭಾಗ), ಕಟ್ಟಿಗೆಯ ದಸ್ತಾ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಅಳತೆಯಾದ .303 ಅನ್ನು ಸಾಮಾನ್ಯ ಜನರ ಕೈಗೆ ಕೊಡುತ್ತಿರಲಿಲ್ಲ. ಆ ಜಾಗಕ್ಕೆ ಬಂದದ್ದು 8 ಮಿಲಿಮೀಟರಿನ ಈ .315. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಲೈಸೆನ್ಸ್ ಇರುವ ರೈಫಲ್ ಅಂದರೆ ಬಹುಪಾಲು ಇದೇ. ತಂದೆ ತೀರಿಕೊಂಡ ಮೇಲೆ ವಾರಸುದಾರರಾಗಿ ಗೌಡರು ಲೈಸೆನ್ಸ್ ಪಡೆದಿದ್ದರು. ಪುಸ್ತಕದಲ್ಲಿ ಉದ್ದೇಶ: ಸ್ವರಕ್ಷಣೆ ಮತ್ತು ಬೆಳೆ ರಕ್ಷಣೆ. ವ್ಯಾಪ್ತಿ: ಕರ್ನಾಟಕ ರಾಜ್ಯ. ಈ ಕೊನೇ ಎರಡು ಪದ ಮುಂದೆ ಕೆಲಸಕ್ಕೆ ಬರುತ್ತವೆ.

ಮಗಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದು ಬಂದ ಮೇಲೆ ಗೌಡರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಒಂದು ಬಿಸ್ಕೀಟಿನ ತಗಡಿನ ಡಬ್ಬಿ, ಒಂದು ನೋಟ್‌ಬುಕ್ಕು. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಖಾಲಿ ಖೋಕಾಗಳು, ಅಂದರೆ ತೋಟಾ ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಕವಚಗಳು. ಅವರ ಪ್ರಶ್ನೆ ಬಹಳ ಚಿಕ್ಕದಿತ್ತು.

“ವಕೀಲ್ರ, ಅಳಿಯ ಒಂದು ಮಶೀನ್ ಕಳಸ್ತೀನಂತಾನ. ಕಸ್ಟಮ್ಸ್ ಎಷ್ಟು ಬೀಳ್ತದ ಅಷ್ಟು ಹೇಳ್ರಿ, ಸಾಕು.”

ಯಾವ ಮಶೀನು ಅಂತ ಕೇಳಿದೆ. ನೋಟ್‌ಬುಕ್ಕು ತೆಗೆದರು.

ಟೆಕ್ಸಸ್‌ನ ಗ್ಯಾರೇಜು

ಅಳಿಯನ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಅಮೆರಿಕನ್. ಗ್ಯಾರೇಜಿನಲ್ಲಿ ಕಾರಿಗಿಂತ ಸಾಮಾನೇ ಜಾಸ್ತಿ. ಗೋಡೆಗೆ ಹತ್ತಿ ಒಂದು ಗಟ್ಟಿ ಮೇಜು, ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಕೈಯೆಳೆತದ ಪ್ರೆಸ್ಸು. ಸಂಜೆ ಹೊತ್ತು ಗೌಡರು ಅಲ್ಲಿ ಹೋಗಿ ಕೂರುತ್ತಿದ್ದರು. ಇವರಿಗೆ ಅವರ ಇಂಗ್ಲಿಷ್ ತಿಳಿಯದು, ಅವರಿಗೆ ಇವರದು. ಆದರೂ ಕೆಲಸ ತಿಳಿಯಿತು. ನೋಟ್‌ಬುಕ್ಕಿನಲ್ಲಿ ಗೌಡರು ಬಿಡಿಸಿದ ಚಿತ್ರಗಳನ್ನು ನೋಡಿದರೆ ಅದು ಗೊತ್ತಾಗುತ್ತಿತ್ತು.

ಒಂದು ತೋಟಾ ಅಂದರೆ ನಾಲ್ಕು ಭಾಗ. ಹಿತ್ತಾಳೆಯ ಖೋಕಾ, ಅದರ ತಳದಲ್ಲಿ ಪೆಟ್ಟು ಬಿದ್ದ ಕೂಡಲೇ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹೋಗುತ್ತದೆ, ಪ್ರೈಮರ್ ಸತ್ತಿರುತ್ತದೆ. ಉಳಿಯುವುದು ಖೋಕಾ. ನಾಲ್ಕರಲ್ಲಿ ಸಾಮಾನ್ಯವಾಗಿ ದುಬಾರಿ ಅದೇ. ಹಾಗಾಗಿ ಅದನ್ನೇ ಮತ್ತೆ ಬಳಸುವ ಯೋಚನೆ ಅಮೆರಿಕದಲ್ಲಿ ಬಹಳ ಹಳೆಯದು. ಲೈಮನ್ ಕಂಪನಿ ಶುರುವಾದದ್ದು 1878ರಲ್ಲಿ. ಆರ್‌ಸಿಬಿಎಸ್, ಲೀ, ಹಾರ್ನಡಿ ಹೆಸರಿನ ಪ್ರೆಸ್ಸು, ಅದಕ್ಕೆ ಹಾಕುವ ಡೈಗಳು, ಅಂದರೆ ಉಕ್ಕಿನ ಅಚ್ಚುಗಳು, ಅಲ್ಲಿ ಅಂಗಡಿಯಲ್ಲಿ ಸಿಗುತ್ತವೆ. ಮದ್ದು ಪೌಂಡಿನ ಡಬ್ಬಿಯಲ್ಲಿ, ಪ್ರೈಮರ್ ನೂರರ ಪೆಟ್ಟಿಗೆಯಲ್ಲಿ. ಸ್ವಂತ ಬಳಕೆಗೆ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ತುಂಬಿ ಮಾರುವ ವ್ಯಾಪಾರ ಮಾಡಿದರೆ ಬೇಕು.

ಆ ಮನುಷ್ಯನ ಶಿಸ್ತು ಗೌಡರಿಗೆ ಬಹಳ ಹಿಡಿಸಿತ್ತು. ಮೊದಲು ಖೋಕಾಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು. ಬುಡದ ಮೇಲೆ ಹೊಳೆಯುವ ಗೆರೆ ಕಂಡರೆ ಅದು ಸೀಳುವ ಸೂಚನೆ, ಅದನ್ನು ಇಕ್ಕಳದಲ್ಲಿ ಜಜ್ಜಿ ಕಸಕ್ಕೆ ಹಾಕುವುದು. ಉಳಿದವನ್ನು ತೊಳೆದು, ಡೈಯಲ್ಲಿ ಒತ್ತಿ ಅಳತೆಗೆ ತರುವುದು. ಉದ್ದ ಬೆಳೆದಿದ್ದರೆ ಕತ್ತರಿಸುವುದು. ಮದ್ದಿನ ಪ್ರಮಾಣ ಅಚ್ಚಾದ ಪುಸ್ತಕದಿಂದಲೇ, ತಲೆಯಿಂದಲ್ಲ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಕೆಲಸ ಮಾಡುವಾಗ ಟೀವಿ ಇಲ್ಲ, ಫೋನಿಲ್ಲ, ಬಿಯರ್ ಅಂತೂ ಇಲ್ಲವೇ ಇಲ್ಲ.

ಇಷ್ಟು ಶಿಸ್ತು ಯಾಕೆ ಅಂದರೆ ತಪ್ಪಿಗೆ ಜಾಗವೇ ಇಲ್ಲ. .30-06 ಅನ್ನೋ ಅಮೆರಿಕದ ರೈಫಲ್ ತೋಟಾದೊಳಗಿನ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್. ಕಾರಿನ ಟೈರಿನಲ್ಲಿ ಇರುವುದು ಸುಮಾರು 30. ಆ ಬೋಲ್ಟಿನ ಹಿಂದೆ ಒಂದು ಅಂಗೈ ದೂರದಲ್ಲಿ ಹೊಡೆಯುವವನ ಕಣ್ಣಿರುತ್ತದೆ. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅದರಲ್ಲೂ ಹತ್ತನೇ ಒಂದು ಭಾಗದವರೆಗೆ ತೂಗುತ್ತಾರೆ. ನೋಡಲು ಒಂದೇ ಥರ ಕಾಣುವ ಎರಡು ಮದ್ದುಗಳಲ್ಲಿ ಒಂದು ನಿಧಾನ ಉರಿಯುತ್ತದೆ, ಇನ್ನೊಂದು ಬೇಗ. ಡಬ್ಬಿ ಅದಲುಬದಲಾದರೆ ಬಂದೂಕೇ ಒಡೆಯುತ್ತದೆ. ಮದ್ದು ಹಾಕುವುದೇ ಮರೆತರೂ ಅಪಾಯ ಕಮ್ಮಿಯಲ್ಲ. ಬರೀ ಪ್ರೈಮರಿನ ಜೋರಿಗೆ ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳಬಹುದು. ಗೊತ್ತಿಲ್ಲದೆ ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ.

ಇದೆಲ್ಲ ಗೌಡರ ನೋಟ್‌ಬುಕ್ಕಿನಲ್ಲಿ ಇತ್ತು. ಅವರು ಉಡಾಫೆಯ ಮನುಷ್ಯ ಅಲ್ಲ. ಕಲಿತದ್ದನ್ನು ಸರಿಯಾಗಿಯೇ ಕಲಿತಿದ್ದರು. ತೊಂದರೆ ಬೇರೆ ಕಡೆ ಇತ್ತು.

ಕಾನೂನಿನ ಕಣ್ಣಿಗೆ ಯಂತ್ರವೂ ಕಾಡತೂಸೇ

ಗೌಡರ ವಾದ ಸರಳ. ಲೈಸೆನ್ಸ್ ಇದೆ, ಬಂದೂಕು ಇದೆ, ತೋಟಾ ಇಟ್ಟುಕೊಳ್ಳಲು ಅನುಮತಿ ಇದೆ. ಅಂಗಡಿಯಲ್ಲಿ ಕೊಳ್ಳುವ ಬದಲು ಮನೆಯಲ್ಲಿ ತುಂಬಿಕೊಂಡರೆ ಏನು ತಪ್ಪು? ಕೇಳೋದಕ್ಕೆ ಸರಿಯಾಗೇ ಇದೆ.

1959ರ ಆಯುಧ ಕಾಯ್ದೆ ಈ ಎರಡನ್ನು ಬೇರೆ ಬೇರೆ ಮನೆಯಲ್ಲಿ ಇಟ್ಟಿದೆ. ಇಟ್ಟುಕೊಳ್ಳುವುದು ಕಲಂ 3. ತಯಾರಿಸುವುದು, ಮಾರುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು ಕಲಂ 5. ಗೌಡರ ಹತ್ತಿರ ಇದ್ದದ್ದು ಕಲಂ 3ರ ಕೆಳಗಿನ ಫಾರಂ 3 ಲೈಸೆನ್ಸ್. ಅದರಲ್ಲಿ ತಯಾರಿಕೆಯ ಹಕ್ಕು ಒಂದು ಎಳೆಯೂ ಇಲ್ಲ. ಖಾಲಿ ಖೋಕಾಗೆ ಹೊಸ ಪ್ರೈಮರ್, ಮದ್ದು, ಗುಂಡು ಹಾಕಿದರೆ ಸಿಗುವುದು ಜೀವಂತ ತೋಟಾ. ಅದನ್ನು ತಯಾರಿಕೆ ಅಲ್ಲ ಅಂತ ಯಾವ ನ್ಯಾಯಾಧೀಶರ ಮುಂದೆಯೂ ನಾನು ವಾದಿಸಲಾರೆ.

“ಬರೇ ಮಶೀನ್ ತರಸ್ತೀನ್ರಿ. ಮದ್ದು ತರಂಗಿಲ್ಲ. ಲೋಖಂಡದ ಮಶೀನಿಗಿ ಏನು ಕಾಯ್ದಾ?” ಅಂದರು.

ಇಲ್ಲೇ ಎಷ್ಟೋ ಜನ ಮುಗ್ಗರಿಸುತ್ತಾರೆ. ಕಾಯ್ದೆಯ ಕಲಂ 2ರಲ್ಲಿ ಮದ್ದುಗುಂಡು ಅಂದರೆ ಏನು ಅಂತ ಹೇಳುವ ಪಟ್ಟಿ ಇದೆ. ರಾಕೆಟ್ಟು, ಬಾಂಬುಗಳ ಜೊತೆ ಅದೇ ಪಟ್ಟಿಯಲ್ಲಿ ಬಂದೂಕಿಗೆ ಹಾಕುವ ಮದ್ದಿನ ಚಾರ್ಜು ಮತ್ತು ಅದರ ಪರಿಕರಗಳು ಬರುತ್ತವೆ. ಇನ್ನೂ ಕೆಳಗೆ, ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರ. ಅಂದರೆ ಪ್ರೆಸ್ಸು, ಡೈ ಕೂಡ ಕಾನೂನಿನ ಲೆಕ್ಕದಲ್ಲಿ ಮದ್ದುಗುಂಡು. ಒಂದು ಗ್ರೇನ್ ಮದ್ದು ಇಲ್ಲದಿದ್ದರೂ ಸರಿ. ಗೌಡರು ಆ ಸಾಲನ್ನು ನನ್ನ ಪುಸ್ತಕದಲ್ಲೇ ಬೆರಳಿಟ್ಟು ಓದಿಸಿಕೊಂಡರು.

ಶಿಕ್ಷೆಯ ಮಾತು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕಲಂ 25(1). ಮೊದಲು ಇದಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಇತ್ತು. 2019ರ ತಿದ್ದುಪಡಿ ಬಂದ ಮೇಲೆ ಕನಿಷ್ಠವೇ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಮಾರಿದನೋ ಸ್ವಂತಕ್ಕೆ ಮಾಡಿಕೊಂಡನೋ ಅನ್ನೋ ವ್ಯತ್ಯಾಸ ಆ ಕಲಂನಲ್ಲಿ ಇಲ್ಲ. ಹವ್ಯಾಸಕ್ಕೆ ಅಂತ ಬೇರೆ ರಿಯಾಯಿತಿ ಇಲ್ಲ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ 3ರಿಂದ 5 ವರ್ಷಕ್ಕೆ ಏರಿತು, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವುದಕ್ಕೆ ಬೇರೆಯೇ ಶಿಕ್ಷೆ ಬಂತು. ನಮ್ಮ ಕಡೆ ಈ ಎರಡನೆಯದು ಇನ್ನೂ ಎಲ್ಲರ ಕಿವಿಗೆ ಬಿದ್ದ ಹಾಗಿಲ್ಲ.

ಮದ್ದಿನದು ಇನ್ನೊಂದು ಕಾಯ್ದೆ. 1884ರ ಸ್ಫೋಟಕ ಕಾಯ್ದೆ, ಅದರ ಕೆಳಗೆ 2008ರ ನಿಯಮಗಳು. ಇದನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಪೆಸೊ, ಮುಖ್ಯ ಕಚೇರಿ ನಾಗಪುರದಲ್ಲಿ. ಜೊತೆಗೆ ಅಮೆರಿಕದಿಂದ ಗುಂಡು, ಖೋಕಾ ಹೊರಗೆ ಕಳಿಸಲು ಅಲ್ಲಿನ ರಫ್ತು ನಿಯಮಗಳೂ ಅಡ್ಡ ಬರುತ್ತವೆ. ಅಳಿಯ ಬೇರೆ ದೇಶದಲ್ಲಿ ನೌಕರಿ ಮಾಡುವ ಹುಡುಗ. ಮಾವನ ಆಸೆಗೆ ಅವನ ವೀಸಾಕ್ಕೆ ಕುತ್ತು ಬರುವುದು ಬೇಡ ಅಂದಾಗ ಗೌಡರು ಮೊದಲ ಸಲ ಸುಮ್ಮನಾದರು. ಏಳು ವರ್ಷದ ಶಿಕ್ಷೆಗೆ ಅಷ್ಟು ಅಂಜಿರಲಿಲ್ಲ.

ಡಬ್ಬಿಯ ಖಾಲಿ ಖೋಕಾಗಳ ಗತಿ ಏನು? ಕಲಂ 45ರಲ್ಲಿ ಒಂದು ವಿನಾಯಿತಿ ಇದೆ. ಆಯುಧ ಅಥವಾ ಮದ್ದುಗುಂಡಿನ ಸಣ್ಣಪುಟ್ಟ ಭಾಗಗಳನ್ನು, ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದೆ ಇಟ್ಟುಕೊಂಡರೆ ಕಾಯ್ದೆ ತಟ್ಟುವುದಿಲ್ಲ. ಎಲ್ಲ ನಿಂತಿರುವುದು ಉದ್ದೇಶ ಅನ್ನೋ ಪದದ ಮೇಲೆ. ತಂದೆಯ ನೆನಪಿಗೆ ಡಬ್ಬಿಯಲ್ಲಿ ಇಟ್ಟದ್ದು ಒಂದು. ಅದೇ ಡಬ್ಬಿ, ಪಕ್ಕದಲ್ಲಿ ಪ್ರೆಸ್ಸು, ಕೈಬರಹದಲ್ಲಿ ತುಂಬುವ ವಿಧಾನ ಬರೆದ ನೋಟ್‌ಬುಕ್ಕು ಇದ್ದರೆ ಇನ್ನೊಂದು. ವಿನಾಯಿತಿಯನ್ನು ಆ ನೋಟ್‌ಬುಕ್ಕೇ ತಿಂದುಹಾಕುತ್ತದೆ.

ಖಣಿ ಮದ್ದಿನ ಮಾತು

ಮದ್ದು ಎಲ್ಲಿಂದ ತರುತ್ತಿದ್ದಿರಿ ಅಂತ ಕೇಳಿದ್ದಕ್ಕೆ ಬಂದ ಉತ್ತರ ನನ್ನನ್ನು ನಿಜವಾಗಿ ಹೆದರಿಸಿತು. ಊರಲ್ಲಿ ಯಾರೋ ಹೇಳಿದ್ದರಂತೆ, “ಖಣ್ಯಾಗ ಮದ್ದು ಸಿಗ್ತದ ಗೌಡ್ರ, ಚಿಂತಿ ಯಾಕ?”

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರಸಿ ಕಲ್ಲು, ಸುಣ್ಣದಕಲ್ಲು. ವಾಡಿ, ಮಳಖೇಡದ ಸಿಮೆಂಟು ಕಾರ್ಖಾನೆಗಳಿಗೆ ಅದೇ ಕಚ್ಚಾ ಸಾಮಗ್ರಿ. ಬಂಡೆ ಒಡೆಯುವ ಸ್ಫೋಟಕದ ಮಾತು ನಮ್ಮ ಭಾಗದ ಜನರಿಗೆ ಹೊಸದಲ್ಲ. ಆದರೆ ಅದು ಬಂದೂಕಿನ ಮದ್ದಲ್ಲ. ಬಂದೂಕಿನ ಮದ್ದು ಉರಿಯುತ್ತದೆ. ಬೇಗ ಉರಿದರೂ, ಉರಿಯುತ್ತಾ ಗ್ಯಾಸಿನ ಒತ್ತಡ ಕೂಡಿಸಿ ಗುಂಡನ್ನು ತಳ್ಳುತ್ತದೆ. ಬಂಡೆ ಒಡೆಯುವ ಜಿಲೆಟಿನ್ ಉರಿಯುವುದಿಲ್ಲ, ಸಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಮೀಟರ್ ವೇಗದಲ್ಲಿ ಅದರ ಅಲೆ ಓಡುತ್ತದೆ. ಗುಂಡು ಕದಲುವ ಮೊದಲೇ ಕಬ್ಬಿಣ ಚೂರಾಗಿರುತ್ತದೆ. ಪಟಾಕಿಯ ಮದ್ದೂ ಆಗದು. ಅದರಲ್ಲಿ ಏನೇನು ಬೆರೆಸಿದ್ದಾರೆ, ಎಷ್ಟು ಬೇಗ ಉರಿಯುತ್ತದೆ ಅನ್ನೋದಕ್ಕೆ ಯಾವ ಅಳತೆಯೂ ಇರುವುದಿಲ್ಲ.

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ. ಎರಡೂ ಕಡೆ ಕಲ್ಲುಗಣಿಗೆ ಸಂಬಂಧಪಟ್ಟ ಸ್ಫೋಟಕಗಳು, ಎರಡೂ ಕಡೆ ಸಾವು. ಅದನ್ನು ನೆನಪಿಸಿದೆ. ಖಣಿ ಮದ್ದಿನ ಮಾತು ಅಲ್ಲಿಗೆ ನಿಂತಿತು. ಹೇಳಿದವನ ಹೆಸರು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಯಾಕೆ ಬೇಕಿತ್ತು?

ಬೇಡ ಅಂತ ಹೇಳಿ ಕಳಿಸಿದ್ದರೆ ವಕೀಲನ ಕೆಲಸ ಮುಗಿಯುತ್ತಿತ್ತು. ಮನುಷ್ಯ ಇಷ್ಟು ದೂರ ಯೋಚಿಸಿ ಬಂದಿದ್ದಾನೆ ಅಂದರೆ ಕಾರಣ ಗಟ್ಟಿ ಇರಬೇಕು. ಕೆದಕಿ ಕೇಳಿದೆ.

ಮೊದಲು ಬಂದದ್ದು ದುಡ್ಡಿನ ಮಾತು. ತೋಟಾ ತುಟ್ಟಿ, ಬೇಕಾದಾಗ ಸಿಗಲ್ಲ. ಇದು ಸುಳ್ಳಲ್ಲ. ನಮ್ಮಲ್ಲಿ .315 ತೋಟಾ ಬರುವುದು ಮುಖ್ಯವಾಗಿ ಸರ್ಕಾರಿ ಕಾರ್ಖಾನೆಯಿಂದ. ಗೌಡರ ಖೋಕಾಗಳ ತಳದಲ್ಲಿ ಇದ್ದ ಕೆಎಫ್ ಗುರುತು ಪುಣೆಯ ಖಡ್ಕಿ ಕಾರ್ಖಾನೆಯದು, 1869ರಷ್ಟು ಹಳೆಯದು. 2021ರ ಅಕ್ಟೋಬರ್ 1ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗಿದೆ. ಅಂಗಡಿಯವರಿಗೆ ಮಾಲು ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಲೈಸೆನ್ಸ್ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸಿದೆ. ಪ್ರತಿ ಖರೀದಿಯೂ ಅಲ್ಲಿ ಬರೆದಿರುತ್ತದೆ. ಗೌಡರು ಎಷ್ಟೋ ವರ್ಷ ಒಂದು ಪೆಟ್ಟಿಗೆಯನ್ನೂ ಕೊಂಡಿರಲಿಲ್ಲ. ಪ್ರೆಸ್ಸು, ಡೈ, ತಕ್ಕಡಿಯ ದುಡ್ಡು ಹುಟ್ಟಬೇಕಾದರೆ ಸಾವಿರಗಟ್ಟಲೆ ತೋಟಾ ತುಂಬಬೇಕು. ಟೆಕ್ಸಸ್‌ನ ಆ ಮನುಷ್ಯ ವಾರಕ್ಕೊಮ್ಮೆ ರೇಂಜಿಗೆ ಹೋಗುವವನು, ಅವನಿಗೆ ಲೆಕ್ಕ ಕೂಡುತ್ತದೆ. ಕಾನೂನು ಅಡ್ಡ ಬರದಿದ್ದರೂ ಗೌಡರಿಗೆ ಕೂಡುತ್ತಿರಲಿಲ್ಲ.

ಬೆಳೆ ರಕ್ಷಣೆಯ ಮಾತನ್ನು ಅವರೇ ಎತ್ತಿ ಅವರೇ ಬಿಟ್ಟರು. ತೊಗರಿಗೆ ಹಂದಿ ಬರುತ್ತದೆ, ಜಿಂಕೆ ಬರುತ್ತದೆ. ಲೈಸೆನ್ಸಿನಲ್ಲಿ ಬೆಳೆ ರಕ್ಷಣೆ ಅಂತ ಬರೆದ ಮಾತ್ರಕ್ಕೆ ಹೊಡೆಯುವ ಅಧಿಕಾರ ಬರುವುದಿಲ್ಲ. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ, ಬೆಳೆ ತಿಂದಿತು ಅನ್ನೋದು ಅದಕ್ಕೆ ಕಾರಣವೇ ಆಗದು. ಗೌಡರಿಗೆ ಇದು ಗೊತ್ತಿತ್ತು. ಅವರು ಪ್ರಾಣಿ ಹೊಡೆದವರೂ ಅಲ್ಲ.

ಎರಡನೇ ಕಾರಣ ಸ್ವಲ್ಪ ನಾಚಿಕೊಂಡು ಹೇಳಿದರು. ಗುರಿ ಹತ್ತುತ್ತಿಲ್ಲ. ಹೊಲದ ಬದುವಿಗೆ ಹಾಳೆ ಹಚ್ಚಿ ಹೊಡೆದರೆ ಒಂದು ಇಲ್ಲಿ, ಒಂದು ಅಲ್ಲಿ. ಅಂಗಡಿಯ ತೋಟಾ ಒಂದೇ ಸಮ ಇಲ್ಲ, ಕೈಯಿಂದ ತೂಗಿ ತುಂಬಿದರೆ ಸರಿಹೋಗುತ್ತದೆ ಅಂತ ಅವರ ನಂಬಿಕೆ. ಬದುವಿಗೆ ಹೊಡೆಯುವುದೇ ತಪ್ಪು ಅಂತ ಮೊದಲು ಹೇಳಿದೆ. ಆ ಗುಂಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ನಮ್ಮ ಫರಸಿ ನೆಲದಲ್ಲಿ ಕಲ್ಲಿಗೆ ತಾಗಿದರೆ ಯಾವ ಕಡೆ ಹಾರುತ್ತದೋ ದೇವರೇ ಬಲ್ಲ. ಗುರಿಯ ಅಭ್ಯಾಸಕ್ಕೆ ರೇಂಜು ಬೇಕು.

ಗುರಿ ಯಾಕೆ ಹತ್ತುತ್ತಿಲ್ಲ ಅನ್ನೋದು ವಕೀಲನಿಗೆ ತಿಳಿಯುವ ವಿಷಯವಲ್ಲ. ಕಾಲೇಜಿನ ಎನ್‌ಸಿಸಿಯಲ್ಲಿ .22 ಹಿಡಿದದ್ದು ಬಿಟ್ಟರೆ ನನಗೆ ರೈಫಲ್ಲಿನ ಅನುಭವ ಇಲ್ಲ. ಬೀದರಿನಲ್ಲಿ ಒಬ್ಬ ನಿವೃತ್ತ ಹವಾಲ್ದಾರರು ಪರಿಚಯ. ಸೈನ್ಯದಲ್ಲಿ ಆರ್ಮರರ್ ಆಗಿದ್ದವರು, ಅಂದರೆ ಬಂದೂಕುಗಳ ಡಾಕ್ಟರು. ಅವರನ್ನು ಗೌಡರ ಮನೆಗೇ ಕರೆಸಿದೆವು. ಬಂದೂಕು ಮನೆಯಲ್ಲೇ ಇರಲಿ, ಗೌಡರು ಎದುರಿಗೇ ಇರಲಿ ಅಂತ.

ಹವಾಲ್ದಾರ್ ಸಾಹೇಬರ ತಪಾಸಣೆ

ಅವರು ಬಂದೂಕು ಮುಟ್ಟುವ ಮೊದಲು ಬೋಲ್ಟು ತೆರೆಸಿ, ತೋಟಾ ಕೂರುವ ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಬೆರಳು ಹಾಕಿ ನೋಡಿದರು. ಜೀವಂತ ತೋಟಾಗಳನ್ನು ಬೇರೆ ಕೋಣೆಗೆ ಕಳಿಸಿದರು. ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿದರು. ಬಾಯಿಯ ಹತ್ತಿರ ಒಂದು ಬದಿ ಸವೆದಿತ್ತು. ವರ್ಷಗಟ್ಟಲೆ ಕಬ್ಬಿಣದ ಸಲಾಕೆಯನ್ನು ಬಾಯಿ ಕಡೆಯಿಂದ ಹಾಕಿ ತಿಕ್ಕಿದ ಗುರುತು. ಗುಂಡು ನಳಿಗೆ ಬಿಡುವ ಕೊನೇ ಗಳಿಗೆಯಲ್ಲಿ ಆ ಅಂಚು ಎಲ್ಲ ಕಡೆ ಸಮ ಇರಬೇಕು. ಇಲ್ಲದಿದ್ದರೆ ಮದ್ದಿನ ಗ್ಯಾಸ್ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓಲಿಸುತ್ತದೆ. ದಸ್ತಾದ ಸ್ಕ್ರೂ ಸಡಿಲ ಆಗಿತ್ತು. ಕಟ್ಟಿಗೆ ಒಣಗಿ ಕುಗ್ಗಿದೆ, ಕಲಬುರಗಿಯ ಬಿಸಿಲಿಗೆ ಇದು ಆಶ್ಚರ್ಯ ಅಲ್ಲ.

ಆಮೇಲೆ ತೋಟಾಗಳ ಸರದಿ. ಮೂರು ಥರದ ಪೆಟ್ಟಿಗೆಯವು ಬೆರೆತಿದ್ದವು. ಕೆಲವು ತಂದೆಯ ಕಾಲದವು, ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಎಲ್ಲ ಇಟ್ಟಿದ್ದು ತಗಡಿನ ಮಾಡಿನ ಕೋಣೆಯ ಅಲಮಾರಿನಲ್ಲಿ. ಮೇ ತಿಂಗಳಲ್ಲಿ ಹೊರಗೇ 42, 43 ಡಿಗ್ರಿ ಇರುವಾಗ ಆ ಕೋಣೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ತೋಟಾದೊಳಗಿನ ನೈಟ್ರೊಸೆಲ್ಯುಲೋಸ್ ಮದ್ದು ಬಿಸಿಯಲ್ಲಿ ನಿಧಾನವಾಗಿ ಕೆಡುತ್ತದೆ. ಬಿಸಿಯಾಗಿದ್ದಾಗ ಹೊಡೆದರೆ ಒತ್ತಡವೂ ಜಾಸ್ತಿ. ಇಂಥ ತೋಟಾಗಳಲ್ಲಿ ಒಂದೇ ಸಮ ಗುರಿ ಬಂದರೇ ಆಶ್ಚರ್ಯ. ಹಾರದ ತೋಟಾ ಸಿಕ್ಕಾಗ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ತಕ್ಷಣ ಬೋಲ್ಟು ಎಳೆದು ತೆಗೆಯುತ್ತಿದ್ದೆ ಅಂದರು ಗೌಡರು. ಹವಾಲ್ದಾರರ ಮುಖ ಬಿಗಿಯಿತು. ತಡವಾಗಿ ಹಾರುವ ತೋಟಾ ಇರುತ್ತವೆ. ನಳಿಗೆಯನ್ನು ಗುರಿಯ ಕಡೆಯೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಇನ್ನೂ ಸ್ವಲ್ಪ ಹೆಚ್ಚು ಕಾದರೂ ನಷ್ಟ ಇಲ್ಲ.

ಡಬ್ಬಿಯ ಖೋಕಾಗಳನ್ನೂ ನೋಡಿದರು. ಒಳಗೆ ಬೆಳಕು ಬಿಟ್ಟರೆ ತಳದಲ್ಲಿ ಎರಡು ಸಣ್ಣ ತೂತು ಕಂಡವು. ಇದು ಬೆರ್ಡನ್ ಪ್ರೈಮರಿನ ಖೋಕಾ. ಅಮೆರಿಕದ ಅಂಗಡಿಯಲ್ಲಿ ಸಿಗುವ ಡೈಗಳು ನಡುವೆ ಒಂದೇ ತೂತು ಇರುವ ಬಾಕ್ಸರ್ ಪ್ರೈಮರಿನ ಖೋಕಾಗಳಿಗೆ ಮಾಡಿದವು. ನಡುವಿನ ಸೂಜಿ ಚುಚ್ಚಿ ಹಳೇ ಪ್ರೈಮರನ್ನು ಹೊರಗೆ ತಳ್ಳುತ್ತದೆ. ಇಲ್ಲಿ ನಡುವೆ ತೂತೇ ಇಲ್ಲ, ಸೂಜಿ ಮುರಿಯುತ್ತದೆ. ಅಂದರೆ ಗೌಡರು ಅಷ್ಟು ಜತನದಿಂದ ಕೂಡಿಟ್ಟ ಖೋಕಾಗಳು ಅಳಿಯ ಕಳಿಸಬೇಕಿದ್ದ ಮಶೀನಿಗೆ ಹೊಂದುತ್ತಲೇ ಇರಲಿಲ್ಲ. ಅದರ ಮೇಲೆ ಲೀ-ಎನ್‌ಫೀಲ್ಡ್ ಬೋಲ್ಟಿನ ಬೀಗ ಹಿಂಭಾಗದಲ್ಲಿ. ಹೊಡೆದಾಗ ಖೋಕಾ ಸ್ವಲ್ಪ ಹಿಗ್ಗಿಯೇ ಹೊರಬರುತ್ತದೆ. ಮತ್ತೆ ಮತ್ತೆ ಒತ್ತಿ ಹಿಗ್ಗಿಸಿದರೆ ಬುಡದ ಮೇಲೆ ಬೇಗ ಸೀಳುತ್ತದೆ.

ಕೊನೆಗೆ ಅವರು ಖಾಲಿ ಬಂದೂಕನ್ನು ಗೌಡರ ಕೈಗೆ ಕೊಟ್ಟು, ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿ ಹಿಡಿಯಲು ಹೇಳಿದರು. ಮುಂದಿನ ಮೊನೆ, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿ ಇರುವ ಮೊಳೆ, ಹೇಗೆ ಕಾಣುತ್ತದೆ ಅಂತ ಕೇಳಿದರು.

“ಮಬ್ಬ ಮಬ್ಬ ಕಾಣ್ತದ್ರಿ, ಸಾಹೇಬ್ರ. ಚುಕ್ಕಿ ಚೊಲೊ ಕಾಣ್ತದ.”

ತಲೆಕೆಳಗು. ದುರ್ಬೀನು ಇಲ್ಲದ, ತೆರೆದ ಮೊನೆಯ ಬಂದೂಕಿನಲ್ಲಿ ಮುಂದಿನ ಮೊನೆ ಸ್ಪಷ್ಟ ಕಾಣಬೇಕು, ಗುರಿ ಸ್ವಲ್ಪ ಮಬ್ಬಾದರೂ ನಡೆಯುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ್ದನ್ನು ಹಿಡಿಯುವ ಕಣ್ಣಿನ ಶಕ್ತಿ ಇಳಿಯುತ್ತದೆ. ಗೌಡರ ಚಸ್ಮಾ ದೂರಕ್ಕೆ ಮಾಡಿಸಿದ್ದು. ಹವಾಲ್ದಾರರ ತೀರ್ಪು ಇಷ್ಟೇ: “ಗೌಡ್ರ, ಮೊದಲ ಕಣ್ಣಿನ ಡಾಕ್ಟರ್ ಹತ್ತಿರ ಹೋಗ್ರಿ.”

ಏನು ಮಾಡಿದೆವು

ಹಳೇ ತೋಟಾಗಳನ್ನು ಲೈಸೆನ್ಸ್ ಪುಸ್ತಕದೊಂದಿಗೆ ಠಾಣೆಯಲ್ಲಿ ಒಪ್ಪಿಸಿ ರಶೀದಿ ಪಡೆದೆವು. ಭಾವಿಗೆ ಎಸೆಯುವುದು, ಹೂಳುವುದು, ಬಿಚ್ಚಿ ಮದ್ದು ತೆಗೆಯುವುದು ಇವೆಲ್ಲ ಜನ ಮಾಡುವ ದಡ್ಡತನ. ಲೆಕ್ಕ ತಪ್ಪಿದರೆ ಕೇಳುವವರು ಪೊಲೀಸರು.

ನಳಿಗೆಯ ಬಾಯಿ ಸರಿಮಾಡಿಸುವುದು ಅಷ್ಟು ಸುಲಭ ಆಗಲಿಲ್ಲ. ಊರ ಲೇತ್ ಅಂಗಡಿಯಲ್ಲಿ ಮಾಡಿಸುವಂತಿಲ್ಲ, ರಿಪೇರಿಗೂ ಕಲಂ 5ರ ಲೈಸೆನ್ಸ್ ಇರುವವರೇ ಬೇಕು. ನಮ್ಮ ಭಾಗದವರಿಗೆ ಎಲ್ಲದಕ್ಕೂ ಹೈದರಾಬಾದ್ ಹತ್ತಿರ. ಆಸ್ಪತ್ರೆ, ಮದುವೆ ಬಟ್ಟೆ, ಯಂತ್ರದ ಬಿಡಿಭಾಗ ಎಲ್ಲ ಅಲ್ಲೇ. ಗೌಡರು ಮರುದಿನವೇ ಕಾರು ತೆಗೆಯಲು ತಯಾರಾಗಿದ್ದರು. ಆದರೆ ಲೈಸೆನ್ಸಿನ ವ್ಯಾಪ್ತಿ ಕರ್ನಾಟಕ ರಾಜ್ಯ. ಗಡಿ ದಾಟಿ ತೆಲಂಗಾಣದಲ್ಲಿ ಆ ರೈಫಲ್ ಜೊತೆ ಸಿಕ್ಕರೆ ಲೈಸೆನ್ಸ್ ಇದ್ದೂ ಇಲ್ಲದ ಹಾಗೆ. ವ್ಯಾಪ್ತಿ ವಿಸ್ತರಣೆಗೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿದೆವು. ಅದು ಬರುವವರೆಗೆ ಬಂದೂಕು ಎಣ್ಣೆ ಹಚ್ಚಿ, ತಂಪು ಕೋಣೆಯ ಬೀಗದ ಅಲಮಾರಿನಲ್ಲಿ. ಬೋಲ್ಟು ಬೇರೆ ಕಡೆ.

ಇನ್ನು ಮೂರನೇ ಕಾರಣ. ಅದನ್ನು ಗೌಡರು ಬಾಯಿಬಿಟ್ಟು ಹೇಳಲೇ ಇಲ್ಲ, ನೋಟ್‌ಬುಕ್ಕು ಹೇಳಿತು. ಅದರ ತುಂಬ ಇದ್ದದ್ದು ತೂಕ, ಅಳತೆ, ಕೋಷ್ಟಕ. ಸಂಜೆ ಹೊತ್ತು ಒಂದು ಮೇಜು, ಒಂದು ದೀಪ, ಕೈಗೆ ನವಿರಾದ ಕೆಲಸ. ಹೆಂಡತಿ ತೀರಿಕೊಂಡಿದ್ದಾರೆ, ಹೊಲ ಪಾಲಿಗೆ ಕೊಟ್ಟಿದ್ದಾರೆ. ಅವರಿಗೆ ಬೇಕಿದ್ದದ್ದು ತೋಟಾ ಅಲ್ಲ, ಆ ಮೇಜು ಅಂತ ನನ್ನ ಅಂದಾಜು. ಹವಾಲ್ದಾರರ ಅಂದಾಜೂ ಅದೇ. ಏರ್ ರೈಫಲ್ ಸಲಹೆ ಕೊಟ್ಟವರು ಅವರೇ.

4.5 ಮಿಲಿಮೀಟರ್ ಅಳತೆಯ, 20 ಜೂಲ್ ಒಳಗಿನ ಶಕ್ತಿಯ ಏರ್ ರೈಫಲ್ಲಿಗೆ 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್ ಬೇಕಿಲ್ಲ. ಅಂಗಡಿಯವರು ಗುರುತಿನ ದಾಖಲೆ ಪಡೆದು ಕೊಡುತ್ತಾರೆ. ಒಲಿಂಪಿಕ್ಸಿನಲ್ಲಿ 10 ಮೀಟರಿಗೆ ಹೊಡೆಯುವುದು ಇದೇ ಜಾತಿಯದನ್ನು, ಅದರ ಶಕ್ತಿ ಈ ಮಿತಿಗಿಂತ ಬಹಳ ಕೆಳಗೆ. ಆ ಗುರಿಹಾಳೆಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಗೌಡರ ತೊಗರಿ ಗೋದಾಮು 10 ಮೀಟರಿಗೂ ಉದ್ದ ಇದೆ. ಹಿಂದೆ ದಪ್ಪ ಕಲ್ಲಿನ ಗೋಡೆ, ಅದರ ಮುಂದೆ ಪೆಲೆಟ್, ಅಂದರೆ ಏರ್ ರೈಫಲ್ಲಿನ ಚಿಕ್ಕ ಗುಂಡು, ಹಿಡಿಯುವ ಉಕ್ಕಿನ ಪೆಟ್ಟಿಗೆ. ಹೊಡೆಯುವಾಗ ಬಾಗಿಲಿಗೆ ಒಳಗಿನಿಂದ ಚಿಲಕ. ಪೆಲೆಟ್ಟು ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯದೆ ಚಹಾ ಕುಡಿಯುವಂತಿಲ್ಲ ಅಂತ ಹವಾಲ್ದಾರರು ಖಡಕ್ಕಾಗಿ ಹೇಳಿದ್ದಾರೆ.

ಪೆಲೆಟ್ಟುಗಳಲ್ಲೂ ಆರಿಸುವ ಕೆಲಸ ಇದೆ. ತಲೆಯ ಅಳತೆ 4.49, 4.50 ಅಂತ ಬೇರೆ ಬೇರೆ ಬರುತ್ತವೆ. ಒಂದೇ ಡಬ್ಬಿಯಲ್ಲೂ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಪಂದ್ಯದ ಶೂಟರ್‌ಗಳಲ್ಲಿ ಕೆಲವರು ಅವನ್ನು ತೂಗಿ, ಗುಂಪು ಮಾಡಿ, ತಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ಹೊಡೆದು ನೋಡುತ್ತಾರೆ. ಟೆಕ್ಸಸ್‌ನಿಂದ ತಂದ ಕ್ಯಾಲಿಪರ್ರು, ಚಿಕ್ಕ ತಕ್ಕಡಿ ಈಗ ಗೋದಾಮಿನ ಮೇಜಿನ ಮೇಲಿವೆ. ಅವೆರಡನ್ನೂ ಇಟ್ಟುಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹೊಸ ಚಸ್ಮಾ ಬಂದಿದೆ. ಬಲಗಣ್ಣಿನ ಗಾಜನ್ನು ಮುಂದಿನ ಮೊನೆಯ ದೂರಕ್ಕೆ ಹೊಂದಿಸಿ ಮಾಡಿಸಿದ್ದಾರೆ. ಕಣ್ಣಿನ ಡಾಕ್ಟರಿಗೆ ಆ ದೂರವನ್ನು ಟೇಪಿನಲ್ಲಿ ಅಳೆದು ಹೇಳಿದರಂತೆ.

ಕಡತ ಈಗ ಎಲ್ಲಿದೆ

ವ್ಯಾಪ್ತಿ ವಿಸ್ತರಣೆಯ ಅರ್ಜಿ ಪೊಲೀಸ್ ವರದಿಗೆ ಹೋಗಿದೆ, ಇನ್ನೂ ವಾಪಸ್ ಬಂದಿಲ್ಲ. .315 ಅನ್ನು ಆಮೇಲೆ ಹೊಡೆದಿಲ್ಲ. ಹಾಗಾಗಿ ಗುರಿ ತಪ್ಪಿದ್ದರಲ್ಲಿ ನಳಿಗೆಯ ಪಾಲೆಷ್ಟು, ತೋಟಾದ ಪಾಲೆಷ್ಟು, ಕಣ್ಣಿನ ಪಾಲೆಷ್ಟು ಅನ್ನೋ ಲೆಕ್ಕ ಬಾಕಿ ಇದೆ. ಗೌಡರು ಬಂದೂಕನ್ನು ಮಗಳ ಹೆಸರಿಗೆ ಮಾಡುವ ಬಗ್ಗೆ ಕೇಳಿದ್ದಾರೆ. ಲೈಸೆನ್ಸುದಾರರಿಗೆ 70 ತುಂಬಿದರೆ, ಅಥವಾ ಬಂದೂಕು ಹಿಡಿದು 25 ವರ್ಷ ಆದರೆ, ವಾರಸುದಾರರು ಅರ್ಜಿ ಹಾಕಲು 2016ರ ನಿಯಮಗಳಲ್ಲಿ ಅವಕಾಶ ಇದೆ. ಮಗಳು ಅಮೆರಿಕದಲ್ಲಿ ಇರುವವರೆಗೆ ಅದರಿಂದ ಪ್ರಯೋಜನ ಕಡಿಮೆ ಅಂತ ಹೇಳಿದ್ದೇನೆ.

ಖೋಕಾಗಳಲ್ಲಿ ತಂದೆಯ ಕಾಲದ್ದು ಅಂತ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತೋಟಾಗಳ ಜೊತೆಗೇ ಒಪ್ಪಿಸಿದರು, ರಶೀದಿಯಲ್ಲಿ ಅದೂ ನಮೂದಾಗಿದೆ. ನೋಟ್‌ಬುಕ್ಕಿನಲ್ಲಿ ತುಂಬುವ ವಿಧಾನ ಬರೆದಿದ್ದ ಹಾಳೆಗಳನ್ನು ಹರಿದುಹಾಕಿ ಅಂದೆ. ಹರಿದರು. ಮುಂದಿನ ಹಾಳೆಗಳಲ್ಲಿ ಪೆಲೆಟ್ಟಿನ ತೂಕದ ಕೋಷ್ಟಕ ಶುರುವಾಗಿದೆ.